ಕೊನೆಯವನ ವೇಗವೇ ಗುಂಪಿನ ವೇಗ

ಹಲವರು ಕೂಡಿ ಹೊರಡುವುದು ಸುಲಭ. ಹೊರಟವರೆಲ್ಲ ಕೂಡಿಯೇ ತಲುಪುವುದು ಕಷ್ಟ. ಈ ಮಾತು ಸಂಸಾರಕ್ಕೆ ಎಷ್ಟು ಸಲ್ಲುವುದೋ ಪ್ರವಾಸಕ್ಕೂ ಅಷ್ಟೇ ಸಲ್ಲುತ್ತದೆ. ನಮ್ಮ ನಾಡಿನ ತರುಣ ತರುಣಿಯರು ಗುಂಪುಕಟ್ಟಿಕೊಂಡು ಹಿಮಾಲಯದ ದಾರಿಗಳಲ್ಲಿ ಸೈಕಲ್ ಯಾತ್ರೆ ಕೈಗೊಳ್ಳುವುದನ್ನು ನಾವು ಈಗ ಕಾಣುತ್ತಿದ್ದೇವೆ. ಮನೆಯ ಹಿರಿಯರಿಗೆ ಇದು ಹೆಮ್ಮೆಯೂ ಹೌದು, ಆತಂಕವೂ ಹೌದು. ಅಂತಹ ಯಾತ್ರೆಯ ಒಂದು ಕಠಿಣ ದಿನವನ್ನು ಕುರಿತು ಈ ತಿಂಗಳು ಓದುಗ ಬಂಧುಗಳೊಡನೆ ವಿಚಾರ ಮಾಡಬೇಕೆಂದು ನಮಗೆ ತೋರಿದೆ.

ಹಿಮಾಚಲ ಪ್ರದೇಶದ ಮನಾಲಿಯಿಂದ ಲಡಾಖಿನ ಲೇಹ್ ಪಟ್ಟಣಕ್ಕೆ ಹೋಗುವ ಹೆದ್ದಾರಿಯು ಸೈಕಲ್ ಯಾತ್ರಿಕರಲ್ಲಿ ಬಹು ಪ್ರಸಿದ್ಧವಾದುದು. ರೋಹತಾಂಗ್ ಕಣಿವೆಯನ್ನು ಹಾಯ್ದು ಹೋಗುವ ಹಳೆಯ ದಾರಿಯ ಉದ್ದ ಸುಮಾರು 475 ಕಿಲೋಮೀಟರು. 2020ರ ಅಕ್ಟೋಬರದಲ್ಲಿ ಅಟಲ್ ಸುರಂಗವು ಉದ್ಘಾಟನೆಗೊಂಡ ಮೇಲೆ ವಾಹನಗಳಿಗೆ ಈ ದೂರ ಕಡಿಮೆಯಾಯಿತು. ಹಿಮ ಕರಗಿದ ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ ಯಾತ್ರಿಕರು ಎಂಟು ಹತ್ತು ದಿನ ಸೈಕಲ್ ತುಳಿದು ಈ ದಾರಿಯನ್ನು ಮುಗಿಸುತ್ತಾರೆ. ಇವುಗಳಲ್ಲಿ ಸರ್ಚುವಿನಿಂದ ಪಾಂಗ್‌ವರೆಗಿನ ದಿನವು ಅತ್ಯಂತ ಕಠಿಣವಾದವುಗಳಲ್ಲಿ ಒಂದು. ದೂರ ಎಂಬತ್ತು ಕಿಲೋಮೀಟರನ್ನು ಮೀರದು. ನಮ್ಮ ಬಯಲುಸೀಮೆಯಲ್ಲಿ ಅಭ್ಯಾಸವುಳ್ಳವನು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಬಹುದಾದ ದೂರವದು.

ಆದರೆ ಅಲ್ಲಿ ಕಾಲಿಗಿಂತ ಮೊದಲು ಉಸಿರು ಸೋಲುತ್ತದೆ. ಸರ್ಚು ಇರುವುದೇ ಸಮುದ್ರಮಟ್ಟದಿಂದ ಸುಮಾರು 4,300 ಮೀಟರು ಎತ್ತರದಲ್ಲಿ. ಅಲ್ಲಿಂದ ನದಿಯ ಬದಿಯಲ್ಲಿ ಕೆಲವು ಹರದಾರಿ ಸಾಗಿದರೆ ಗಾಟಾ ಲೂಪ್ಸ್ ಎಂಬ ಏರು ಎದುರಾಗುತ್ತದೆ. ಒಂದೇ ಗುಡ್ಡದ ಮೈಮೇಲೆ ಹಾವಿನಂತೆ ಹೊರಳುವ ಇಪ್ಪತ್ತೊಂದು ತಿರುವುಗಳು! ಮೇಲೆ ನಕೀ ಲಾ. ತುಸು ಇಳಿದು ಮತ್ತೆ ಏರಿದರೆ 5,000 ಮೀಟರು ಮೀರಿದ ಲಾಚುಂಗ್ ಲಾ. ‘ಲಾ’ ಎಂದರೆ ಆ ಸೀಮೆಯ ಭಾಷೆಯಲ್ಲಿ ಕಣಿವೆದಾರಿ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರು. ಅದರ ಎರಡೂವರೆ ಪಟ್ಟು ಎತ್ತರದಲ್ಲಿ ನಮ್ಮ ಮಕ್ಕಳು ಸೈಕಲ್ ತುಳಿಯುತ್ತಾರೆ. ಅಷ್ಟು ಮೇಲೆ ಗಾಳಿಯ ಒತ್ತಡ ಇಳಿಯುವುದರಿಂದ ಪ್ರತಿ ಉಸಿರಿನಲ್ಲಿ ದೊರೆಯುವ ಪ್ರಾಣವಾಯುವು ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು.

ತಲೆನೋವು, ವಾಕರಿಕೆ, ಅನ್ನ ಸೇರದಿರುವುದು, ನಿದ್ರೆ ಬಾರದಿರುವುದು ಇವು ಎತ್ತರದ ಬೇನೆಯ ಮೊದಲ ಗುರುತುಗಳು. ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು, ಸುಮ್ಮನೆ ಕುಳಿತಾಗಲೂ ಏದುಸಿರು ಬರುವುದು ಇವು ಪ್ರಾಣಾಪಾಯದ ಗುರುತುಗಳು. ಆಗ ತಡಮಾಡದೆ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆಯೆಂದು ವೈದ್ಯರು ಹೇಳುತ್ತಾರೆ. ಗಟ್ಟಿಮೈಯವನಿಗೆ ಇದು ಬಾರದೆಂಬ ಭರವಸೆಯಿಲ್ಲ. ತನ್ನ ಶಕ್ತಿಯನ್ನು ನಂಬಿ ಅವಸರದಿಂದ ಏರುವವನಿಗೇ ಅಪಾಯ ಹೆಚ್ಚು.

ಈ ದಿನದ ನಿಜವಾದ ಕಠಿಣತೆ ಇನ್ನೊಂದಿದೆ. ಕೆಳಗಿಳಿಯಬೇಕೆಂದರೆ ಇಳಿಯುವ ದಾರಿಯೇ ಹತ್ತಿರದಲ್ಲಿಲ್ಲ! ಹಿಂದೆ ಹೋದರೆ ಸುಮಾರು 4,900 ಮೀಟರಿನ ಬಾರಾಲಾಚಾ, ಮುಂದೆ ಹೋದರೆ 5,300 ಮೀಟರು ಮೀರಿದ ತಂಗ್ಲಾಂಗ್ ಲಾ. ಎರಡರಲ್ಲೊಂದನ್ನು ಹತ್ತಿ ದಾಟದ ಹೊರತು ತಗ್ಗಿನ ಊರು ಸಿಕ್ಕದು. ರೋಗಿಯು ಸೈಕಲ್ಲಿನ ಮೇಲೆ ಇದನ್ನು ಮಾಡಲಾರನು. ಆದುದರಿಂದ ಗುಂಪಿನ ಹಿಂದೆ ಬರುವ ವಾಹನವು ಅಲ್ಲಿ ಸೌಕರ್ಯವಲ್ಲ, ಜೀವಾಧಾರ.

ಧಾರವಾಡದ ಕಡೆಯ, ನಮಗೆ ಪರಿಚಿತ ಮನೆತನದ ತರುಣನೊಬ್ಬನು ಇಂತಹ ಗುಂಪಿನಲ್ಲಿ ಹೋಗಿ ಬಂದು ನಮ್ಮೆದುರು ಹೇಳಿದ ಸಂಗತಿ ಇಲ್ಲಿ ಉಲ್ಲೇಖನೀಯವಾಗಿದೆ. ಎಂಟು ಜನರ ಗುಂಪು ಅದು. ಇವನೇ ಎಲ್ಲರಿಗಿಂತ ಕಿರಿಯನು. ಹೊರಡುವ ಮುನ್ನ ಊರವರು ಶಾಲು ಹೊದಿಸಿ ಬೀಳ್ಕೊಟ್ಟಿದ್ದರು. ಸರ್ಚುವಿನ ಡೇರೆಯಲ್ಲಿ ರಾತ್ರಿಯಿಡೀ ತಲೆ ಸಿಡಿಯುತ್ತಿದ್ದರೂ ಅವನು ಬಾಯಿ ಬಿಡಲಿಲ್ಲ. ಬೆಳಗಿನ ಉಪಾಹಾರವನ್ನು ತಿಂದಂತೆ ಮಾಡಿ ಎದ್ದನು. ತಿರುವುಗಳ ನಡುವೆ ವಾಂತಿಯಾಯಿತು. “ನೀವು ನಡೀರಿ ಅಣ್ಣಾ, ನಾನು ಸಾವಕಾಶ ಬರತೀನಿ” ಎಂದನಂತೆ.

ಗುಂಪಿನ ಹಿರಿಯನು ಎಲ್ಲರಿಗಿಂತ ಹಿಂದೆಯೇ ಸೈಕಲ್ ತುಳಿಯುವ ಪದ್ಧತಿ ಇಟ್ಟುಕೊಂಡಿದ್ದನು. ಅವನು ಇಳಿದು ಬಂದು ಕೇಳಿದ್ದು ಒಂದೇ ಪ್ರಶ್ನೆ: “ತಲಿನೋವು ಯಾವಾಗಿಂದ ಐತಿ?” “ನಿನ್ನೆ ರಾತ್ರಿಯಿಂದ” ಎಂಬ ಉತ್ತರ ಬಂದೊಡನೆ ನಿರ್ಣಯವಾಯಿತು. ಪಾಂಗ್ ಸರ್ಚುವಿಗಿಂತಲೂ ಎತ್ತರ. ಮುಂದೊಯ್ಯುವುದು ಬೇನೆಯನ್ನು ಬೆಳೆಸಿದಂತೆ. ಹಿಂದಕ್ಕೆ, ಬಾರಾಲಾಚಾ ದಾಟಿಸಿ, 3,100 ಮೀಟರಿನಷ್ಟು ಎತ್ತರದ ಕೇಲಾಂಗ್ ಆಸ್ಪತ್ರೆಗೆ ಒಯ್ಯಬೇಕು. ವಾಹನ ಒಂದೇ, ಡೇರೆ, ಆಹಾರ, ಹೊದಿಕೆಗಳೆಲ್ಲ ಅದರಲ್ಲಿಯೇ. ಅದು ಹಿಂದಿರುಗಿದರೆ ಉಳಿದವರೂ ಹಿಂದಿರುಗಲೇಬೇಕು. ಬೆವರು ಸುರಿಸಿ ಗಳಿಸಿದ ತಿರುವುಗಳನ್ನೆಲ್ಲ ಬಿಟ್ಟುಕೊಡಬೇಕು. ಇಬ್ಬರು ಮುಖ ಗಂಟಿಕ್ಕಿದರು. ರಜೆಯ ದಿನಗಳು ಎಣಿಕೆಯವು, ಮರಳುವ ಟಿಕೆಟ್ಟು ಮೊದಲೇ ತೆಗೆದುದು. ಆದರೂ ಎಲ್ಲರೂ ಸೈಕಲ್ ತಿರುಗಿಸಿದರು. ಒಬ್ಬನು ರೋಗಿಯ ಸಂಗಡ ವಾಹನವೇರಿದನು. ಉಳಿದವರು ಸರ್ಚುವಿನಲ್ಲಿ ಬೇರೊಂದು ಡೇರೆ ಹಿಡಿದು ಕಾದರು. ಕೇಲಾಂಗದಲ್ಲಿ ಎರಡು ದಿನದ ಉಪಚಾರದಿಂದ ತರುಣನು ಚೇತರಿಸಿಕೊಂಡನು. ಲೇಹ್ ಪಟ್ಟಣವನ್ನು ಮಾತ್ರ ಅವನು ಕಾಣಲಿಲ್ಲ.

ಆ ಇಪ್ಪತ್ತೊಂದು ತಿರುವುಗಳ ಬಳಿ ಜನರ ಬಾಯಲ್ಲಿ ಒಂದು ಕಥೆಯಿದೆ. ಹಿಂದೊಮ್ಮೆ ಅಲ್ಲಿ ಲಾರಿಯೊಂದು ಕೆಟ್ಟು ನಿಂತಿತು. ಚಾಲಕನು ಕ್ಲೀನರನನ್ನು ಕಾವಲಿಗೆ ಬಿಟ್ಟು ಸಹಾಯ ತರಲು ಹೋದನು. ಅಷ್ಟರಲ್ಲಿ ಹಿಮ ಬಿದ್ದು ದಾರಿ ಮುಚ್ಚಿತು. ಒಂಟಿಯಾಗಿ ಉಳಿದವನು ನೀರಿಲ್ಲದೆ ಸತ್ತನು. ಇದನ್ನು ಚರಿತ್ರೆಯೆನ್ನಲು ಬಾರದು. ಆದರೆ ಹಾದುಹೋಗುವವರು ಇಂದಿಗೂ ಆ ಸ್ಥಳದಲ್ಲಿ ನೀರಿನ ಬಾಟಲಿಗಳನ್ನು ಇಟ್ಟು ಹೋಗುತ್ತಾರೆ. ಈಗ ಅವನಿಗೆ ನೀರು ಕೊಡುವವರು ಸಾವಿರ ಜನ. ಅಂದು ಬೇಕಾಗಿದ್ದುದು ಜೊತೆಯಲ್ಲಿ ನಿಲ್ಲುವ ಒಬ್ಬನೇ ಒಬ್ಬ. ಆ ಬಾಟಲಿಗಳ ರಾಶಿಯನ್ನು ದಾಟಿ ಹೋಗುವ ಪ್ರತಿಯೊಂದು ಗುಂಪೂ ಇದನ್ನು ನೆನೆಯುವುದು ಒಳ್ಳೆಯದು.

ಇಲ್ಲಿ ನಮ್ಮ ಮನೆಗಳವರು ಯೋಚಿಸಬೇಕಾದ ವಿಷಯವೊಂದಿದೆ. ತರುಣನು ತಲೆನೋವನ್ನು ಮುಚ್ಚಿಟ್ಟದ್ದು ಏಕೆ? ಹಿಮಾಲಯಕ್ಕೆ ಅಂಜಿ ಅಲ್ಲ, ಹೊದಿಸಿದ ಶಾಲಿಗೆ ಅಂಜಿ. ಸೋತು ಬಂದನೆಂದು ಆಡಿಕೊಳ್ಳುವ ನಾಲಗೆಗಳಿಗೆ ಅಂಜಿ. ಮಕ್ಕಳನ್ನು ಸಾಹಸಕ್ಕೆ ಕಳುಹಿಸುವಾಗ “ಗೆದ್ದು ಬಾ” ಎಂದು ಹರಸುವುದು ನಮ್ಮ ರೂಢಿ. “ಮೈ ಒಲ್ಲೆನೆಂದರೆ ಹೇಳು, ತಿರುಗಿ ಬಾ, ನಮಗೇನೂ ಅವಮಾನವಿಲ್ಲ” ಎಂಬ ಮಾತನ್ನೂ ಅದಕ್ಕೆ ಕೂಡಿಸಿದರೆ ಎಷ್ಟೋ ಜೀವಗಳು ಉಳಿದಾವು.

ಕಳುಹಿಸುವ ಮುನ್ನ ಹಿರಿಯರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಹಿಂದೆ ವಾಹನವಿದೆಯೆ? ಕೊನೆಯಲ್ಲಿ ಸೈಕಲ್ ತುಳಿಯುವ ಅನುಭವಿ ಯಾರು? ಎತ್ತರಕ್ಕೆ ಮೈ ಹೊಂದಿಕೊಳ್ಳಲು ವಿಶ್ರಾಂತಿಯ ದಿನಗಳನ್ನು ಇಟ್ಟಿದ್ದಾರೆಯೆ? ಮೂರು ಸಾವಿರ ಮೀಟರು ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ತಂಗಬೇಕು ಎಂಬುದು ವೈದ್ಯರ ಸೂಚನೆ. ಈ ದಾರಿಯ ನೆಲದ ಏರಿಳಿತವು ಆ ಸೂಚನೆಯನ್ನು ಪಾಲಿಸಲು ಸುಲಭದಲ್ಲಿ ಬಿಡದು. ಆದುದರಿಂದಲೇ ಹೆಚ್ಚು ದಿನಗಳನ್ನು ಕೈಯಲ್ಲಿಟ್ಟುಕೊಂಡು ಹೊರಡಬೇಕು. ಗುಳಿಗೆಗಳನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಅಂದು ಸೈಕಲ್ ತಿರುಗಿಸಿದ ಗುಂಪಿನಲ್ಲಿ ಮುಖ ಗಂಟಿಕ್ಕಿದ ಇಬ್ಬರಲ್ಲೊಬ್ಬನು ಮುಂದಿನ ವರ್ಷ ಅದೇ ತರುಣನನ್ನು ಕರೆದುಕೊಂಡು ಮತ್ತೆ ಹೊರಟನಂತೆ. ಈ ಸಲ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು, ಕಿರಿಯನನ್ನು ಮುಂದೆ ಬಿಟ್ಟು, ತಾನು ಹಿಂದೆ ಉಳಿದು.