ಬದುಕಿರುವ ಮೀನಿನ ಸಾಕ್ಷ್ಯ

ಮೀನು ಬದುಕಿರುವ ನೀರಿನಲ್ಲಿ ವಿಷವಿಲ್ಲವೆಂದು ನಂಬುವವರು ಬಹಳ. ಸೀಸ, ಪಾದರಸ, ಕ್ಯಾಡ್ಮಿಯಂ ಮೊದಲಾದ ಭಾರಲೋಹಗಳ ವಿಷಯದಲ್ಲಿ ಈ ನಂಬಿಕೆ ಸಲ್ಲದು.

ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ಹುಟ್ಟಿತೆಂಬ ಪ್ರತೀತಿಯುಳ್ಳ ವೃಷಭಾವತಿಯು ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿಯ ಬೈರಮಂಗಲದ ಕಡೆಗೆ ಸಾಗುತ್ತದೆ; ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಕೂಡುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕೊಳಚೆಯೊಡನೆ ಪೀಣ್ಯದ ಕಾರ್ಖಾನೆಗಳ ಹೊಲಸೂ ಈ ಕಣಿವೆಗೆ ಇಳಿದಿದೆ. ಕಬ್ಬಿಣದ ಸಾಮಾನುಗಳಿಗೆ ಕ್ರೋಮಿಯಂ, ನಿಕಲ್, ಸತುವುಗಳ ಲೇಪ ಕೊಡುವ ಸಣ್ಣ ಕಾರ್ಯಾಗಾರಗಳು ತೊಳೆದು ಚೆಲ್ಲುವ ನೀರು ಒಮ್ಮೊಮ್ಮೆ ತಿಳಿಯಾಗಿಯೇ ಕಾಣುತ್ತದೆ, ಅಪಾಯವಿರುವುದೂ ಅಲ್ಲಿಯೇ.

ಮೀನು ಉಸಿರಾಡುವುದು ಕಿವಿರುಗಳಿಂದ. ಲೋಹದ ಅಂಶ ಸೋಕಿದರೆ ಕಿವಿರು ಲೋಳೆಯನ್ನು ಸುರಿಸಿ ತನ್ನನ್ನು ಮುಚ್ಚಿಕೊಳ್ಳುತ್ತದೆ. ಆ ರಕ್ಷಣೆಯೇ ಆಮ್ಲಜನಕಕ್ಕೆ ಅಡ್ಡಿಯಾಗುತ್ತದೆ. ಕ್ಯಾಡ್ಮಿಯಂ ಇನ್ನೂ ಕಪಟಿ: ಸುಣ್ಣದ ಅಂಶ ಒಳಹೋಗುವ ದಾರಿಯಲ್ಲಿಯೇ ಅದೂ ನುಸುಳುತ್ತದೆ. ಸೀಸವು ರಕ್ತದ ಕೆಂಪು ದ್ರವ್ಯವನ್ನು ಸಿದ್ಧಪಡಿಸಲು ಬೇಕಾದ ಕಿಣ್ವವನ್ನು ತಡೆಯುತ್ತದೆ. ಹೀಗೆ ಚಯಾಪಚಯ ಕ್ರಿಯೆಯೇ ಕೆಡುತ್ತದೆ. ಸಂಕಟವನ್ನು ಎದುರಿಸಲು ಮೀನು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನನ್ನು ಸಕ್ಕರೆಯಾಗಿ ಕರಗಿಸುತ್ತದೆ. ಲೋಹವನ್ನು ಹಿಡಿದಿಡಬಲ್ಲ ವಿಶೇಷ ಪ್ರೋಟೀನನ್ನು ತಯಾರಿಸುತ್ತದೆ. ಮೈ ಬೆಳೆಯಲು, ಮೊಟ್ಟೆ ಕಟ್ಟಲು ಬೇಕಾದ ಶಕ್ತಿಯು ಬರಿಯ ಉಳಿವಿಗೇ ವೆಚ್ಚವಾಗುತ್ತದೆ. ಮೀನು ಈಜುತ್ತಿರುವುದು ದಿಟ. ಆದರೆ ಕೂಡಿಟ್ಟ ಗಂಟನ್ನು ಕರಗಿಸಿ ಸಂಸಾರ ತೂಗಿಸುವವನಂತೆ ಈಜುತ್ತಿದೆ.

ಮೀನಿನ ಮೈಯಲ್ಲಿ ಉಳಿದ ಲೋಹವು ಅದನ್ನು ತಿನ್ನುವವರಿಗೂ ದಾಟಬಲ್ಲದು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸವು ಮೀನುಗಳ ಮೂಲಕ ಜನರ ನರಮಂಡಲವನ್ನು ಕೆಡಿಸಿತು. ಆ ರೋಗವು 1956ರಲ್ಲಿ ಬೆಳಕಿಗೆ ಬಂದಿತು. ಅದು ಕಡಲು, ಇದು ಸಿಹಿನೀರು. ಲೋಹಗಳೂ ಪ್ರಮಾಣವೂ ಬೇರೆ. ಆದರೂ ಅಲ್ಲಿಯ ಜನರು ಬಲೆಗೆ ಬಿದ್ದ ಮೀನನ್ನು ನಂಬಿಯೇ ತಿಂದಿದ್ದರು.

ನಗರದ ಕೊಳಚೆಯನ್ನು ಶುದ್ಧೀಕರಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಶುದ್ಧೀಕರಣ ಘಟಕದ ಸೂಕ್ಷ್ಮಜೀವಿಗಳು ಮಲವನ್ನು ಕೊಳೆಯಿಸಬಲ್ಲವು. ಲೋಹವನ್ನು ಯಾವ ಜೀವಿಯೂ ಕೊಳೆಯಿಸಲಾರದು. ಅದು ಕೆಸರಿನಲ್ಲಿ ಉಳಿಯುತ್ತದೆ, ಇಲ್ಲವೆ ನೀರಿನೊಡನೆ ಮುಂದೆ ಹೋಗುತ್ತದೆ. ಆದುದರಿಂದ ಕೊಳಚೆಯೊಡನೆ ಬೆರೆಯುವ ಮೊದಲೇ, ಕಾರ್ಯಾಗಾರದ ಬಾಗಿಲಿನಲ್ಲಿಯೇ, ಅದನ್ನು ಬೇರ್ಪಡಿಸಬೇಕು. ಹೊಲಸು ನೀರನ್ನು ಹದಗೊಳಿಸಿ, ಸುಣ್ಣ ಬೆರೆಸಿ, ಲೋಹವನ್ನು ತಳಕ್ಕಿಳಿಸುವ ವಿಧಾನ ಹೊಸದೇನೂ ಅಲ್ಲ. ಜಲಮಾಲಿನ್ಯವನ್ನು ತಡೆಯುವ ಕಾಯಿದೆಯೂ 1974ರಲ್ಲಿಯೇ ಬಂದಿದೆ. ನಾಲ್ಕು ಜನ ದುಡಿಯುವ ಕಾರ್ಯಾಗಾರಕ್ಕೆ ಈ ವೆಚ್ಚ ಭಾರವೆಂಬುದು ನಿಜ. ಅಂಥವರು ಕೂಡಿ ಒಂದೇ ಘಟಕವನ್ನು ಇಟ್ಟುಕೊಳ್ಳುವುದೂ ಸರ್ಕಾರವು ಅದರಲ್ಲಿ ಪಾಲು ವಹಿಸುವುದೂ ನ್ಯಾಯ. ಬೈರಮಂಗಲದ ಸುತ್ತಿನ ರೈತರು ದಶಕಗಳ ಕಾಲ ಈ ನದಿಯ ನೀರನ್ನೇ ಹೊಲಗದ್ದೆಗಳಿಗೆ ಹಾಯಿಸಿದ್ದಾರೆ. ನಗರವು ಉಳಿಸಿಕೊಂಡ ಹಣವನ್ನು ತೆತ್ತವರು ಅವರು.