ಏನಮ್ಮಾ ಒತ್ತಿದೆ?

ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ದುಡಿಯುವ ಹೆಂಗಸರೆಲ್ಲ ಒಂದಲ್ಲ ಒಂದು ದಿನ ಕೇಳಿಸಿಕೊಂಡಿರುವ ಮಾತು ಇದು. ಪರದೆ ಇದ್ದಕ್ಕಿದ್ದಂತೆ ಬೆಳ್ಳಗಾಗುತ್ತದೆ. ಗುಂಡಿಗಳು ಅರ್ಧಂಬರ್ಧ ಕಾಣುತ್ತವೆ. ಕೌಂಟರಿನ ಆಚೆ ಸಾಲು ಬೆಳೆಯುತ್ತದೆ. ಒಳಗಿನಿಂದ ಎದ್ದು ಬಂದ ಸಾಹೇಬರು ಮೊದಲು ಕೇಳುವುದು ‘ಏನಾಯ್ತು?’ ಎಂದಲ್ಲ, ‘ಏನಮ್ಮಾ ಒತ್ತಿದೆ?’ ಎಂದು. ಹಾಲು ಉಕ್ಕಿದರೆ, ಮಗುವಿಗೆ ನೆಗಡಿಯಾದರೆ, ನೆಂಟರಿಗೆ ಸಾರು ಸಾಲದೇ ಹೋದರೆ ತಪ್ಪು ಯಾರದೆಂದು ಮೊದಲೇ ತೀರ್ಮಾನವಾಗಿರುವ ಮನೆಗಳಿಂದಲೇ ನಾವೂ ಬಂದವರಲ್ಲವೆ? ‘ಏನೂ ಒತ್ತಿಲ್ಲ ಸಾರ್’ ಎಂದು ಕೈ ಹಿಂದಕ್ಕೆಳೆದುಕೊಂಡು ತಲೆ ತಗ್ಗಿಸುತ್ತೇವೆ.

ನಾನು ಆ ಗುಂಡಿಗಳನ್ನು ಮಾಡುವ ಕಸುಬಿನವಳು. ಟೇಕಲ್ಲಿನಲ್ಲಿ ಬೆಳಗಿನ ರೈಲು ಹತ್ತಿ, ಮಾಲೂರು, ವೈಟ್‌ಫೀಲ್ಡ್ ದಾಟಿ ಬೆಂಗಳೂರಿಗೆ ಹೋಗಿ, ವಿಂಡೋಸ್ ಪ್ರೋಗ್ರಾಮು ಬರೆದು, ರಾತ್ರಿ ಅದೇ ದಾರಿಯಲ್ಲಿ ತೂಕಡಿಸುತ್ತ ಬರುವುದರಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಹೀಗಾಗಿ ಒಳಗಿನವಳಾಗಿ ಹೇಳುತ್ತಿದ್ದೇನೆ, ನಂಬಿ: ಹತ್ತರಲ್ಲಿ ಒಂಬತ್ತು ಸಲ ನೀವು ಏನನ್ನೂ ತಪ್ಪಾಗಿ ಒತ್ತಿರುವುದಿಲ್ಲ.

ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ಕೈಕೊಡುವ ಪ್ರೋಗ್ರಾಮುಗಳನ್ನು ನೀವು ನೋಡಿರುತ್ತೀರಿ. ಬೆಳಿಗ್ಗೆ ಚೆನ್ನಾಗಿರುತ್ತದೆ, ಊಟದ ಹೊತ್ತಿಗೆ ನಿಧಾನವಾಗುತ್ತದೆ, ಕಾಫಿಯ ಹೊತ್ತಿಗೆ ಚಿತ್ರಗಳು ಮಾಯವಾಗುತ್ತವೆ. ಇದರಲ್ಲಿ ಮಾಟವಿಲ್ಲ. ಪರದೆಯ ಮೇಲಿನ ಗುಂಡಿ, ಪಟ್ಟಿ, ಬರೆಯುವ ಚೌಕಕ್ಕೆಲ್ಲ ನಮ್ಮವರು ‘ಕಂಟ್ರೋಲು’ ಎನ್ನುತ್ತಾರೆ. ಒಂದೊಂದು ಕಂಟ್ರೋಲನ್ನು ಇಟ್ಟಾಗಲೂ, ಒಂದೊಂದು ಬಣ್ಣ, ಅಕ್ಷರಶೈಲಿ ಬಳಸಿದಾಗಲೂ ಪ್ರೋಗ್ರಾಮು ವಿಂಡೋಸಿನಿಂದ ಒಂದೊಂದು ಹಿಡಿಕೆ ಕೇಳಿ ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಹಿಂತಿರುಗಿಸಬೇಕು. ನೆಂಟರ ಮನೆಯಿಂದ ತಂದ ಪಾತ್ರೆಯ ಹಾಗೆ. ಬರೆದವನು ಮರೆತಿದ್ದರೆ ಪ್ರತಿ ಸಲ ಪುಟ ತೆರೆದಾಗಲೂ ಹತ್ತಿಪ್ಪತ್ತು ಪಾತ್ರೆ ಒಳಗೇ ಉಳಿಯುತ್ತವೆ. ಚಿತ್ರ ಬರೆಯುವ ಹಿಡಿಕೆಗಳಿಗೆ ಒಂದು ಪ್ರೋಗ್ರಾಮಿಗೆ 10,000 ಎಂಬ ಮಿತಿಯನ್ನು ವಿಂಡೋಸ್ ಇಟ್ಟಿದೆ. ಲೆಕ್ಕ ಅಲ್ಲಿಗೆ ಮುಟ್ಟಿತೋ, ಹೊಸ ಗುಂಡಿ ಬರೆಯಲಾಗದೆ ಪರದೆ ಬೆಳ್ಳಗಾಗುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ‘ಜಿಡಿಐ ಆಬ್ಜೆಕ್ಟ್ಸ್’ ಎಂಬ ಕಾಲಂ ತೆರೆದಿಟ್ಟು ಕೂತರೆ ಆ ಸಂಖ್ಯೆ ಗಂಟೆಗಂಟೆಗೂ ಏರುವುದನ್ನು ಕಣ್ಣಾರೆ ನೋಡಬಹುದು. ಹೆಚ್ಚು ದುಡಿದವಳ ಕಂಪ್ಯೂಟರು ಮೊದಲು ನಿಲ್ಲುತ್ತದೆ. ಬೈಗುಳವೂ ಅವಳಿಗೇ.

ಇರಲಿ, ಇದು ಸಣ್ಣ ಅನ್ಯಾಯ. ಮುಚ್ಚಿ ತೆರೆದರೆ ಸರಿಹೋಗುವಂಥದು. ಮುಚ್ಚಿ ತೆರೆದರೂ ಸರಿಹೋಗದ ಇನ್ನೊಂದರ ಬಗ್ಗೆ ಹೇಳಲೆಂದೇ ಇದನ್ನು ಬರೆಯಲು ಕೂತಿದ್ದು.

ನನ್ನ ಚಿಕ್ಕಪ್ಪನ ಮಗಳಿಗೆ ಕಣ್ಣು ಕಾಣಿಸುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಬಂದ ಕಾಯಿಲೆ ದೃಷ್ಟಿಯನ್ನು ತೆಗೆದುಕೊಂಡು ಹೋಯಿತು. ನಮ್ಮೂರು ಬಂಡೆಗಳ ಊರು. ಸ್ಟೇಷನ್ನಿನಲ್ಲಿ ಇಳಿದವರಿಗೆ ಮೊದಲು ಕಾಣುವುದೇ ಕಲ್ಲುಗುಡ್ಡ. ಕಲ್ಲು ಕೆಲಸದ ಚಿಕ್ಕಪ್ಪ ಮಗಳನ್ನು ಮೂಲೆಯಲ್ಲಿ ಕೂರಿಸಲಿಲ್ಲ, ಬೆಂಗಳೂರಿನ ಹಾಸ್ಟೆಲಿಗೆ ಹಾಕಿ ಓದಿಸಿದ. ಅವಳು ಬ್ರೈಲ್ ಕಲಿತಳು, ಕಂಪ್ಯೂಟರು ಕಲಿತಳು. ಪರದೆಯಲ್ಲಿರುವುದನ್ನು ಓದಿ ಹೇಳುವ ‘ಎನ್‌ವಿಡಿಎ’ ಎಂಬ ಪ್ರೋಗ್ರಾಮಿದೆ. 2006ರಲ್ಲಿ ಅದನ್ನು ಬರೆಯಲು ತೊಡಗಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಸ್ವತಃ ಕಣ್ಣು ಕಾಣದವರು. ಇಂಥ ತಂತ್ರಾಂಶ ಬಡವರಿಗೆ ಎಟುಕದ ಬೆಲೆಗೆ ಮಾರಾಟವಾಗುತ್ತಿದ್ದ ಕಾಲದಲ್ಲಿ ಅವರು ಅದನ್ನು ಪುಕ್ಕಟೆಯಾಗಿ ಕೊಟ್ಟರು. ಅದು ಕನ್ನಡವನ್ನೂ ಓದುತ್ತದೆ. ನನ್ನ ತಂಗಿ ಅದನ್ನು ಎಷ್ಟು ವೇಗದಲ್ಲಿ ಇಟ್ಟು ಕೇಳುತ್ತಾಳೆಂದರೆ ನನಗೆ ಗುಬ್ಬಚ್ಚಿ ಗಲಾಟೆಯಂತೆ ಕೇಳಿಸುತ್ತದೆ, ಅವಳಿಗೆ ಕಾಗದ ಓದಿದಂತೆ.

ಪರೀಕ್ಷೆ ಬರೆದು ಹತ್ತಿರದ ಪಟ್ಟಣದ ಒಂದು ಆಫೀಸಿನಲ್ಲಿ ಕೆಲಸವೂ ಸಿಕ್ಕಿತು. ಊರಿಗೆಲ್ಲ ಮೈಸೂರು ಪಾಕು ಹಂಚಿದೆವು. ಮೂರನೇ ವಾರ ಅವಳ ಫೋನು.

‘ಅಕ್ಕಾ, ಇಲ್ಲಿನ ಪ್ರೋಗ್ರಾಮು ಮಾತೇ ಆಡಲ್ಲ. ಎಲ್ಲಿ ಹೋದ್ರೂ ಪೇನ್, ಪೇನ್ ಅಂತೈತೆ. ಒಂದು ಪಟ್ಟೀಲಿ ಮಾತ್ರ ಏನೋ ಬಡಬಡಿಸ್ತೈತೆ, ಅದು ಕನ್ನಡಾನೂ ಅಲ್ಲ, ಇಂಗ್ಲಿಷೂ ಅಲ್ಲ. ಸಾರು, ನಿನ್ನ ಕೈಲಾಗಲ್ಲಮ್ಮ, ಸುಮ್ನೆ ಕೂತ್ಕೊಂಡು ಸಂಬಳ ತಗೋ ಅಂದ್ರು.’

ಸುಮ್ಮನೆ ಕೂತು ಸಂಬಳ ತಗೋ! ಎಷ್ಟು ಉದಾರ ಮಾತು ನೋಡಿ. ಕೆಲಸ ಮಾಡಲು ಬಂದವಳನ್ನು ಭಿಕ್ಷೆಗೆ ಕೂರಿಸಿದ್ದಲ್ಲದೆ ಉಪಕಾರ ಮಾಡಿದೆವೆಂಬ ಧೋರಣೆ ಬೇರೆ.

ಒಂದು ಶನಿವಾರ ಅನುಮತಿ ಪಡೆದು ಹೋಗಿ ಕೂತೆ. ಆ ಬಡಬಡಿಸುವ ಪಟ್ಟಿಯಲ್ಲಿ ನಿಜವಾಗಿ ಏನಿದೆ ಎಂದು ನೋಡಲು ಒಂದು ಪುಟ್ಟ ಪ್ರೋಗ್ರಾಮು ಬರೆದೆ. ‘ಮೊದಲ ಸಾಲಿನಲ್ಲೇನಿದೆ, ಈ ವಿಳಾಸದಲ್ಲಿ ಬರೆದಿಡು’ ಎಂದು ಪಟ್ಟಿಗೆ ಒಂದು ಸಂದೇಶ ಕಳಿಸಿದೆ. ಉತ್ತರ ಬರಲಿಲ್ಲ, ಆಫೀಸಿನ ಪ್ರೋಗ್ರಾಮೇ ದೊಪ್ಪನೆ ಬಿತ್ತು. ಪಕ್ಕದ ಕುರ್ಚಿಯವರು ಕೇಳಿದ್ದೇನು ಗೊತ್ತೆ? ‘ಏನ್ ಮೇಡಂ ಒತ್ತಿದ್ರಿ?’

ಈ ಸಲ ಒತ್ತಿದ್ದು ನಾನೇ, ತಪ್ಪೂ ನನ್ನದೇ. ಎಂದೋ ಕಲಿತ ಪಾಠ ಮರೆತಿತ್ತು. 1993ರಲ್ಲಿ ವಿಂಡೋಸ್ ಎನ್‌ಟಿ, 1995ರಲ್ಲಿ ವಿಂಡೋಸ್ 95 ಬಂದ ಮೇಲೆ ಒಂದೊಂದು ಪ್ರೋಗ್ರಾಮಿಗೂ ಅದರದೇ ನೆನಪಿನ ಅಂಗಳ, ಅದರದೇ ವಿಳಾಸಗಳು. ಟೇಕಲ್ಲಿನವಳು ‘ಮೂರನೇ ಮನೆಯ ಎಡಗಡೆ ಗೂಡಿನಲ್ಲಿಡು’ ಎಂದು ಮಾಲೂರಿನವಳಿಗೆ ಹೇಳಿ ಕಳಿಸಿದರೆ ಆಕೆ ಇಡುವುದು ಮಾಲೂರಿನ ಮೂರನೇ ಮನೆಯಲ್ಲಿ. ಅಲ್ಲಿ ಗೂಡಿಲ್ಲದಿದ್ದರೆ ಗೋಡೆಗೆ ಗುದ್ದಿಕೊಳ್ಳುತ್ತಾಳೆ, ಇದ್ದರೆ ಬೇರೆ ಯಾರದೋ ಸಾಮಾನಿನ ಮೇಲೆ ಹೇರುತ್ತಾಳೆ. ಬರೀ ಗುಂಡಿ, ಬರೆಯುವ ಚೌಕಗಳಾದರೆ ಒಂದು ಅಂಗಳದಿಂದ ಇನ್ನೊಂದಕ್ಕೆ ಅಕ್ಷರ ಸಾಗಿಸುವ ಕೆಲಸವನ್ನು ವಿಂಡೋಸೇ ಮಾಡಿಕೊಡುತ್ತದೆ. ಸಾಲುಸಾಲಿನ ಪಟ್ಟಿಗೆ ಆ ಸೌಕರ್ಯವಿಲ್ಲ. ಅದಕ್ಕೆ ‘ವರ್ಚುಯಲ್ ಅಲಾಕ್ ಎಕ್ಸ್’ ಎಂಬ ಆಜ್ಞೆಯಿಂದ ಆ ಪ್ರೋಗ್ರಾಮಿನ ಅಂಗಳದಲ್ಲೇ ಒಂದಿಷ್ಟು ಜಾಗ ಪಡೆದು, ನಮ್ಮ ಪ್ರಶ್ನೆಯನ್ನು ಅಲ್ಲಿ ಬರೆದಿಟ್ಟು, ಉತ್ತರವನ್ನು ‘ರೀಡ್ ಪ್ರೋಸೆಸ್ ಮೆಮರಿ’ಯಿಂದ ಎತ್ತಿಕೊಂಡು ಬಂದು, ಜಾಗ ಖಾಲಿ ಮಾಡಿಕೊಡಬೇಕು. ಅದು ಹಳೆಯ 32 ಬಿಟ್ಟಿನ ಪ್ರೋಗ್ರಾಮು, ನನ್ನದು 64. ವಿಳಾಸ ಬರೆಯಲು ಅದಕ್ಕೆ 4 ಬೈಟು, ನನ್ನದಕ್ಕೆ 8. ಅಳತೆ ತಪ್ಪಿದ ರವಿಕೆಯಂತೆ ಯಾವುದೂ ಕೂರಲಿಲ್ಲ. ಅದನ್ನೂ ಬಿಚ್ಚಿ ಹೊಲಿದೆ.

ಸಂಜೆ ನಾಲ್ಕಕ್ಕೆ ಅಕ್ಷರ ಬಂತು. ನೋಡಿದರೆ ಕನ್ನಡವೇ ಅಲ್ಲ! ‘ಕನ್ನಡ’ ಎಂದು ಪರದೆಯಲ್ಲಿ ಕಾಣುವ ಜಾಗದಲ್ಲಿ ಒಳಗೆ ಇದ್ದದ್ದು ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೀಟಿರುವ ‘ಎ’, ಇಂಗ್ಲೆಂಡಿನ ಪೌಂಡಿನ ಗುರುತು, ಜರ್ಮನರ ಒಂದು ಅಕ್ಷರ, ಕೊನೆಗೊಂದು ‘ಕ್ಯೂ’. ನುಡಿ, ಬರಹಗಳಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳ ಉಪಾಯವಿದು. ಒಳಗೆ ಇಂಗ್ಲಿಷಿನ ಸಂಕೇತ, ಮೇಲೆ ಕನ್ನಡದ ಮುಖವಾಡ. ಕಂಪ್ಯೂಟರಿಗೆ ಕನ್ನಡವೇ ಗೊತ್ತಿರದಿದ್ದ ಕಾಲದಲ್ಲಿ ಆ ಉಪಾಯ ನಮ್ಮ ಭಾಷೆಯನ್ನು ಉಳಿಸಿತು, ಮಾಡಿದವರಿಗೆ ನಾವು ಋಣಿಗಳು. ಆದರೆ 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಸ್ವಂತ ಸಂಕೇತಗಳಿದ್ದವು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಅಕ್ಷರಶೈಲಿಯೇ ಬಂತು. ಅದಾಗಿ ಎಷ್ಟೋ ವರ್ಷಗಳ ನಂತರ ಬರೆದ ಪ್ರೋಗ್ರಾಮಿಗೆ ಮುಖವಾಡ ಏಕೆ ಬೇಕಿತ್ತು? ಕಣ್ಣಿದ್ದವರು ಮುಖವಾಡ ನೋಡಿ ಓದುತ್ತಾರೆ. ಕಿವಿಯಿಂದ ಓದುವವಳಿಗೆ ಸಿಗುವುದು ಒಳಗಿನ ಪಿ, ಪೌಂಡು, ಕ್ಯೂ. ತಂಗಿ ಹೇಳಿದ ಬಡಬಡಿಕೆ ಇದೇ.

ಪೇನ್, ಪೇನ್ ಎನ್ನುತ್ತಿದ್ದ ಉಳಿದ ಪಟ್ಟಿಗಳದು ಇನ್ನೂ ಚೆಂದ. ಅವು ಪಟ್ಟಿಗಳೇ ಅಲ್ಲ. ಪಟ್ಟಿಯಂತೆ ಕಾಣುವ ರಂಗೋಲಿ. ವಿಂಡೋಸ್ ಕೊಡುವ ಸಿದ್ಧ ಕಂಟ್ರೋಲು ಅಂದವಾಗಿಲ್ಲವೆಂದು ಪ್ರೋಗ್ರಾಮು ತಾನೇ ಗೆರೆ ಎಳೆದು ಬಣ್ಣ ತುಂಬಿ ಬರೆದಿತ್ತು. ಕೇಳಿದರೆ ಹೇಳಲು ಅಲ್ಲಿ ಯಾರೂ ಇಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಇಂಥ ರಂಗೋಲಿಗಳನ್ನು ನಾನೂ ಬಿಡಿಸಿದ್ದೇನೆ. ಗಿರಾಕಿಯೊಬ್ಬರಿಗಾಗಿ ಅಂಚಿಗೆಲ್ಲ ಚೆಂಡುಹೂವಿನ ಬಣ್ಣ ಕೊಟ್ಟ ಪಟ್ಟಿ ಮಾಡಿ, ಎಲ್ಲರಿಂದ ಭೇಷ್ ಎನ್ನಿಸಿಕೊಂಡು ಬಂದು ತಂಗಿಗೆ ವರ್ಣಿಸಿಯೂ ಇದ್ದೆ. ಅವಳು ಆಗ, ‘ನಂಗೆ ಕೇಳ್ಸುತ್ತಾ ಅಕ್ಕಾ ಅದು?’ ಎಂದಿದ್ದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕಿದ್ದೆ. ಆ ಶನಿವಾರ ಆ ಕುರ್ಚಿಯಲ್ಲಿ ಕೂತಾಗ ಆ ನಗು ನನ್ನ ಗಂಟಲಲ್ಲಿ ಮುಳ್ಳಾಯಿತು.

ನಮ್ಮ ಕಸುಬಿನವರು ಇದಕ್ಕೆಲ್ಲ ಏನು ಹೇಳುತ್ತಾರೆಂದು ಬಲ್ಲೆ. ಮೊದಲನೆಯದು, ‘ಇನ್ನೊಂದು ಪ್ರೋಗ್ರಾಮಿನ ನೆನಪಿಗೆ ಕೈಹಾಕುವುದು ಕಳ್ಳತನವಲ್ಲವೆ? ಭದ್ರತೆ ಏನಾಗಬೇಕು?’ ಒಪ್ಪಿದೆ. ಗೋಡೆ ಕೊರೆದು ಒಳಗೆ ಹೋಗುವುದು ಕಳ್ಳರ ದಾರಿಯೂ ಹೌದು. ವಿಂಡೋಸ್ ವಿಸ್ಟಾ ಬಂದಾಗಿನಿಂದ ಆ ಗೋಡೆ ಇನ್ನಷ್ಟು ಗಟ್ಟಿಯಾಗಿದೆ, ಒಳ್ಳೆಯದೇ. ಆದರೆ ಗೋಡೆ ಕೊರೆಯುವ ಗತಿ ತಂದವರು ಯಾರು? ಪ್ರೋಗ್ರಾಮು ತನ್ನ ಗುಂಡಿಯ ಹೆಸರನ್ನು ತಾನೇ ಹೇಳಲೆಂದು ಮೈಕ್ರೋಸಾಫ್ಟ್ 1997ರಲ್ಲೇ ಮುಂಬಾಗಿಲೊಂದನ್ನು ಇಟ್ಟುಕೊಟ್ಟಿತ್ತು, ವಿಸ್ಟಾದ ಜೊತೆಗೆ ‘ಯುಐ ಆಟೊಮೇಷನ್’ ಎಂಬ ಇನ್ನೂ ದೊಡ್ಡ ಬಾಗಿಲು ಬಂತು. ಸಿದ್ಧ ಕಂಟ್ರೋಲು ಬಳಸಿದರೆ ಆ ಬಾಗಿಲು ತಾನಾಗಿ ತೆರೆದಿರುತ್ತದೆ. ರಂಗೋಲಿ ಬಿಡಿಸಿದವನೇ ಅದನ್ನು ಮುಚ್ಚಿ, ಕಿಟಕಿ ತಟ್ಟಿದವಳನ್ನು ಕಳ್ಳಿ ಎನ್ನುವುದು ಯಾವ ನ್ಯಾಯ?

ಎರಡನೆಯದು, ‘ಅಂಥವರು ಎಷ್ಟು ಜನ ಬಂದಾರು?’ ಬಾಗಿಲು ಮುಚ್ಚಿ ಬಂದವರನ್ನು ಎಣಿಸಿದರೆ ಯಾವತ್ತೂ ಲೆಕ್ಕ ಸೊನ್ನೆಯೇ. ಹೆಣ್ಣುಮಕ್ಕಳು ಓದಲು ಬರುವುದಿಲ್ಲವೆಂದು ಶಾಲೆಗೆ ಶೌಚಾಲಯ ಕಟ್ಟದೆ, ಶೌಚಾಲಯವಿಲ್ಲವೆಂದು ಹೆಣ್ಣುಮಕ್ಕಳು ಬರದೆ ಇದ್ದದ್ದನ್ನು ನಾವು ನೋಡಿದವರಲ್ಲವೆ?

ಮೂರನೆಯದು, ‘ಖರ್ಚು’. ಮೊದಲೇ ಯೋಚಿಸಿದ್ದರೆ ಖರ್ಚು ಅತ್ಯಲ್ಪ. ಸಿದ್ಧವಾದುದನ್ನು ಬಳಸು, ಯೂನಿಕೋಡಿನಲ್ಲಿ ಬರೆ, ಗುಂಡಿಗೊಂದು ಹೆಸರಿಡು, ಇಷ್ಟೇ. ಕಟ್ಟಿ ಮುಗಿಸಿದ ಮೇಲೆ ಒಡೆದು ಸರಿಮಾಡುವುದಕ್ಕೆ ದುಡ್ಡು ಬೇಕು. ಆ ದುಡ್ಡು ಯೋಚಿಸದೆ ಕಟ್ಟಿದವನ ಗಂಟಿನಿಂದ ಬರಬೇಕೇ ಹೊರತು ತಂಗಿಯ ಮಾನದಿಂದಲ್ಲ.

ಇದು ದಯೆಯ ಮಾತೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಕೆಲಸಗಳಲ್ಲಿ ಅವರಿಗೆ ಶೇಕಡಾ 4ಕ್ಕೆ ಕಡಿಮೆಯಿಲ್ಲದಂತೆ ಮೀಸಲಿಟ್ಟಿದೆ, ಅದರಲ್ಲಿ ಶೇಕಡಾ 1 ದೃಷ್ಟಿ ಇಲ್ಲದವರಿಗೆ ಮತ್ತು ಮಂದದೃಷ್ಟಿಯವರಿಗೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಕಂಪ್ಯೂಟರು, ಇಂಟರ್ನೆಟ್ಟಿನ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಕುರ್ಚಿ ಕೊಟ್ಟು, ಎದುರಿಗೆ ಮೂಕ ಯಂತ್ರವಿಟ್ಟು, ‘ನಿನ್ನ ಕೈಲಾಗಲ್ಲ’ ಎಂದರೆ ಕಾಯ್ದೆಯ ಅಕ್ಷರ ಉಳಿಯಿತು, ಅರ್ಥ ಹೋಯಿತು. ಅದೂ ಒಂದು ಮುಖವಾಡವೇ.

ಈಗ ತಂಗಿ ಕೆಲಸ ಮಾಡುತ್ತಿದ್ದಾಳೆ. ಪಟ್ಟಿಯ ನೆನಪಿನಿಂದ ಪದ ಎತ್ತಿ, ಪಿ, ಪೌಂಡುಗಳನ್ನು ಯೂನಿಕೋಡಿಗೆ ತಿರುಗಿಸಿ ಅವಳ ಕಿವಿಗೆ ಕೊಡುವ ಪುಟ್ಟ ಪ್ರೋಗ್ರಾಮೊಂದನ್ನು ಮೇಲಿನವರ ಒಪ್ಪಿಗೆ ಪಡೆದು ಹೊಲಿದುಕೊಟ್ಟೆ. ರಂಗೋಲಿಯ ಪಟ್ಟಿಗಳು ಇಂದಿಗೂ ಮೂಕ. ಆ ಭಾಗವನ್ನು ಪಕ್ಕದ ಮೇಜಿನ ಹೆಣ್ಣುಮಗಳು ಓದಿ ಹೇಳುತ್ತಾಳೆ, ಇವಳು ಅವಳ ಲೆಕ್ಕ ಸರಿನೋಡಿಕೊಡುತ್ತಾಳೆ. ಅಸಲು ಪ್ರೋಗ್ರಾಮಿನ ಹೊಸ ಆವೃತ್ತಿ ಬಂದಾಗಲೆಲ್ಲ ನನ್ನ ತೇಪೆ ಕಿತ್ತುಹೋಗುತ್ತದೆ. ಆಗ ಫೋನು ಬರುತ್ತದೆ, ನಾನು ಸೂಜಿದಾರ ಹಿಡಿದು ಓಡುತ್ತೇನೆ. ಮನೆಯಲ್ಲಿ ಪ್ರೋಗ್ರಾಮು ಬರೆಯುವ ಅಕ್ಕ ಇಲ್ಲದ ಹುಡುಗಿಯರು ಏನು ಮಾಡಬೇಕು?

ಅದಕ್ಕೇ ಈ ಮಾತು ನಿಮಗೆ. ನಿಮ್ಮಲ್ಲಿ ಮಹಿಳಾ ಸಂಘದ ಅಧ್ಯಕ್ಷೆಯರಿದ್ದೀರಿ, ಸಹಕಾರಿ ಬ್ಯಾಂಕಿನ ನಿರ್ದೇಶಕಿಯರಿದ್ದೀರಿ, ಶಾಲೆ ನಡೆಸುವವರಿದ್ದೀರಿ. ಲೆಕ್ಕಕ್ಕೋ ಹಾಜರಿಗೋ ಪ್ರೋಗ್ರಾಮು ಮಾರಲು ಬಂದವನಿಗೆ ಕಾಫಿ ಕೊಡಿ, ಆಮೇಲೆ ಅವನ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಹಾಕಿಸಿ, ಪರದೆ ಆರಿಸಿ, ಮೌಸು ತೆಗೆದಿಡಿ. ‘ಟ್ಯಾಬ್ ಒತ್ತುತ್ತ ಒಬ್ಬರ ಹೆಸರು ಹುಡುಕಿಕೊಡಿ ಸ್ವಾಮಿ’ ಎನ್ನಿ. ಅದು ಕನ್ನಡದಲ್ಲಿ ಹೆಸರು ಹೇಳಿದರೆ ಚೆಕ್ಕಿಗೆ ಸಹಿ ಹಾಕಿ. ಪೇನ್, ಪೇನ್ ಎಂದರೆ ಅವನನ್ನೇ ಕೇಳಿ, ‘ಏನಪ್ಪಾ ಒತ್ತಿದೆ?’