ಯೋಧರ ನೆನಪು ಪ್ರಮಾಣಪತ್ರವಲ್ಲ

ಮುಸ್ಲಿಮರ ದೇಶನಿಷ್ಠೆಯನ್ನು ಯಾರಾದರೂ ಪ್ರಶ್ನಿಸಿದಾಗಲೆಲ್ಲ ನಮ್ಮ ವೇದಿಕೆಗಳಲ್ಲಿ ಎರಡು ಹೆಸರುಗಳು ತಪ್ಪದೆ ಕೇಳಿಬರುತ್ತವೆ: ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್ ಮತ್ತು ಹವಾಲ್ದಾರ್ ಅಬ್ದುಲ್ ಹಮೀದ್. ವಿವಾದ ತಣ್ಣಗಾದೊಡನೆ ಆ ಹೆಸರುಗಳೂ ಮರೆಗೆ ಸರಿಯುತ್ತವೆ. ಹೀಗೆ ಆಪತ್ಕಾಲದ ಸಾಕ್ಷಿಗಳಂತೆ ಕರೆಸಿಕೊಳ್ಳುವುದು ಅವರಿಗೆ ಸಲ್ಲುವ ಗೌರವವೇ?

ದೇಶ ವಿಭಜನೆಯಾದಾಗ ಬಲೂಚ್ ರೆಜಿಮೆಂಟಿನ ಅಧಿಕಾರಿಯಾಗಿದ್ದ ಉಸ್ಮಾನ್ ಭಾರತವನ್ನೇ ಆರಿಸಿಕೊಂಡರು. 1948ರ ಫೆಬ್ರವರಿಯಲ್ಲಿ ಕಾಶ್ಮೀರದ ನೌಶೇರಾವನ್ನು ರಕ್ಷಿಸಿದರು. ಮಾರ್ಚ್‌ನಲ್ಲಿ ಝಂಗರನ್ನು ಮರಳಿ ಗೆದ್ದರು. ಜುಲೈ 3ರಂದು ಅಲ್ಲಿಯೇ ಶೆಲ್ ದಾಳಿಗೆ ಬಲಿಯಾದರು. ಅವರಿಗೆ 36 ತುಂಬಲು ಇನ್ನೂ 12 ದಿನಗಳಿದ್ದವು. ಪ್ರಧಾನಿ ನೆಹರೂ ಅವರ ಅಂತ್ಯಯಾತ್ರೆಯಲ್ಲಿ ಪಾಲ್ಗೊಂಡರು; ಮಹಾವೀರ ಚಕ್ರ ಸಂದಿತು. ಆದರೆ ದಿಲ್ಲಿಯ ಜಾಮಿಯಾ ದಫನಭೂಮಿಯಲ್ಲಿರುವ ಅವರ ಗೋರಿ ಭಗ್ನಗೊಂಡ ಸುದ್ದಿ 2020ರ ಡಿಸೆಂಬರ್‌ನಲ್ಲಿ ಬಂದಾಗ ಅದನ್ನು ದುರಸ್ತಿಗೊಳಿಸಿದ್ದು ಸೇನೆ. ಭಾಷಣಗಳಲ್ಲಿ ಅವರನ್ನು ಸ್ಮರಿಸುತ್ತಿದ್ದ ಸಮುದಾಯ ಎಲ್ಲಿತ್ತು?

1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್‌ಕರಣ್ ವಲಯದಲ್ಲಿ ಜೀಪಿನ ಮೇಲಿನ ತೋಪಿನಿಂದ ಟ್ಯಾಂಕುಗಳನ್ನು ಎದುರಿಸಿ ಪ್ರಾಣ ತೆತ್ತ ಅಬ್ದುಲ್ ಹಮೀದ್ ಅವರಿಗೆ ಪರಮವೀರ ಚಕ್ರ ಲಭಿಸಿತು. ಪತ್ನಿ ರಸೂಲನ್ ಬೀಬಿ 2019ರವರೆಗೂ ಬದುಕಿದ್ದರು. ಪದಕದ ಕಥೆ ಎಲ್ಲರಿಗೂ ಗೊತ್ತು. ಆ ಐದು ದಶಕಗಳ ವೈಧವ್ಯದ ಕಥೆ ಎಷ್ಟು ಮಂದಿಗೆ ಗೊತ್ತು?

ಇಷ್ಟಕ್ಕೂ ಸೇವೆಯನ್ನು ಪ್ರಮಾಣಪತ್ರವಾಗಿ ತೋರಿಸಿದರೆ ಸಂಶಯ ನೀಗುತ್ತದೆಯೇ? ಸುಮಾರು 30 ವರ್ಷ ಸೇನೆಯಲ್ಲಿ ದುಡಿದು ನಿವೃತ್ತರಾದ ಅಸ್ಸಾಮಿನ ಯೋಧರೊಬ್ಬರನ್ನು ವಿದೇಶಿಯನೆಂದು ಘೋಷಿಸಿ, 2019ರಲ್ಲಿ ಬಂಧನ ಕೇಂದ್ರಕ್ಕೆ ಅಟ್ಟಲಾಯಿತು. ಹೈಕೋರ್ಟ್ ಜಾಮೀನು ನೀಡಿದ ಬಳಿಕವೇ ಅವರು ಹೊರಬಂದರು. ಪೌರತ್ವ ಎಂಬುದು ಹಕ್ಕು. ಅದಕ್ಕೆ ಹುತಾತ್ಮರ ಜಾಮೀನು ಬೇಕಾಗಬಾರದು.

ಆದ್ದರಿಂದ ಯೋಧರನ್ನು ಸ್ಮರಿಸಬೇಕಾದುದು ಯಾರಿಗೋ ಉತ್ತರ ಕೊಡುವುದಕ್ಕಲ್ಲ, ಋಣ ಸಲ್ಲಿಸುವುದಕ್ಕೆ. ಈ ಕೆಲಸ ನಮ್ಮ ಊರಿನಿಂದಲೇ ಆರಂಭವಾಗಬೇಕು. 1971ರ ಯುದ್ಧದಲ್ಲಿ ಹೋರಾಡಿದವರು ಇಂದು 70 ದಾಟಿದ್ದಾರೆ. ಮಸೀದಿಯ ಮೊದಲ ಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತು ನಮಾಝ್ ನಿರ್ವಹಿಸುವ ಹಿರಿಯರು ಯಾವ ಗಡಿಯಲ್ಲಿ ಚಳಿಗಾಲ ಕಳೆದಿದ್ದರೆಂಬುದು ಪಕ್ಕದಲ್ಲಿ ನಿಲ್ಲುವ ಯುವಕನಿಗೆ ತಿಳಿದಿರಲಿಕ್ಕಿಲ್ಲ. ಅವರ ರೆಜಿಮೆಂಟು, ಸೇವಾವಧಿ, ಅನುಭವಗಳನ್ನು ನಮ್ಮ ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳಲಿ. ಪಿಂಚಣಿಗಾಗಿ ಅಲೆಯುವ ಯೋಧನ ವಿಧವೆಯ ಜೊತೆ ಜಮಾಅತಿನ ಒಬ್ಬರಾದರೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರೆಗೆ ಹೋಗಿಬರಲಿ. ಆ ಪಟ್ಟಿಯಲ್ಲಿ ಊರಿನ ಹಿಂದೂ, ಕ್ರೈಸ್ತ ಯೋಧರ ಹೆಸರುಗಳೂ ಇರಲಿ. ಕಂದಕದಲ್ಲಿ ಒಟ್ಟಿಗೆ ಇದ್ದವರನ್ನು ನೆನಪಿನಲ್ಲಿ ಬೇರ್ಪಡಿಸುವುದು ನ್ಯಾಯವಲ್ಲ.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಅಂದು ಡಬ್ಬಿಗೆ ನಾಣ್ಯ ಹಾಕಿದರೆ ಹೊಣೆ ಮುಗಿಯದು. ಬದುಕಿರುವ ಯೋಧರ ಮನೆಬಾಗಿಲಿಗೆ ಹೋಗಿ ಯೋಗಕ್ಷೇಮ ವಿಚಾರಿಸುವುದು ಸತ್ತ ಬಳಿಕ ಮಾಡುವ ಭಾಷಣಕ್ಕಿಂತ ಮಿಗಿಲು.